ಹಳೇ ಸುರಂಗ, ಕುಸಿಯೋ ಬೆಟ್ಟ, ಮೂರು ತಿಂಗಳ ಟೈಮು: ಎಂಗುರಿ ಟನಲ್ ರಿಪೇರಿ ಅರ್ಥ ಮಾಡ್ಕೊಳೋಣ

ಒಂದ್ಸಲ ಮಳೆಗಾಲದಲ್ಲಿ ನಮ್ಮನೆ ಸಂಪು ತೊಳೆಸೋಣ ಅಂತ ಗಾರೆ ಮೇಸ್ತ್ರಿನ ಕರೆಸಿದ್ದೆ. ಅವರು ಮುಚ್ಚಳ ತೆಗೆದು ಒಳಗೆ ನೋಡಿದ್ರು, ಆಮೇಲೆ ಸುತ್ತಲಿನ ಹಸಿ ಮಣ್ಣನ್ನ ಕಾಲಲ್ಲಿ ಒತ್ತಿ ನೋಡಿ, "ಈಗ ಪೂರ್ತಿ ಖಾಲಿ ಮಾಡೋದು ಬೇಡ ಸಾರ್, ಹೊರಗಡೆಯಿಂದ ನೀರು ಒತ್ತುತಾ ಇದೆ, ಒಳಗಿನ ನೀರು ತೆಗೆದ್ರೆ ಗೋಡೆ ತಡ್ಕೊಳಲ್ಲ, ಬೇಸಿಗೇಲಿ ಮಾಡೋಣ" ಅಂದ್ರು. ಆ ದಿನಗಳಲ್ಲಿ ನಾನು ಜಾರ್ಜಿಯಾ ದೇಶದ ಎಂಗುರಿ ಜಲವಿದ್ಯುತ್ ಸುರಂಗದ ಬಗ್ಗೆ ಓದ್ತಾ ಇದ್ದೆ. ಹದಿನೈದು ಕಿಲೋಮೀಟರ್ ಉದ್ದದ ಸುರಂಗನ ಖಾಲಿ ಮಾಡೋಕೆ ಇಂಜಿನಿಯರ್‌ಗಳು ಯಾಕಷ್ಟು ಹೆದರ್ತಾರೆ ಅನ್ನೋದು ತಲೆಗೆ ಹತ್ತಿರಲಿಲ್ಲ, ಮೇಸ್ತ್ರಿ ಆ ಒಂದು ಮಾತಲ್ಲಿ ಹತ್ತಿಸಿಬಿಟ್ರು.

ಈ ವಿಷಯ ಕನ್ನಡದಲ್ಲಿ ಯಾರೂ ಸರಿಯಾಗಿ ಬಿಡಿಸಿ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಡ್ಯಾಂ ಬಗ್ಗೆ ನಾವೆಲ್ಲಾ ಮಾತಾಡ್ತೀವಿ, ಎಷ್ಟು ಅಡಿ ತುಂಬಿದೆ, ಎಷ್ಟು ಕ್ಯೂಸೆಕ್ ಬಿಟ್ರು ಅಂತ ದಿನಾ ಪೇಪರಲ್ಲಿ ಬರತ್ತೆ, ಆದ್ರೆ ಡ್ಯಾಮಿಂದ ಪವರ್‌ಹೌಸ್ ತನಕ ನೀರು ಬೆಟ್ಟದ ಹೊಟ್ಟೆಯೊಳಗೆ ಹೋಗೋ ದಾರಿ ಬಗ್ಗೆ ಯಾರಿಗೂ ಗೊತ್ತಿರಲ್ಲ, ಯಾಕಂದ್ರೆ ಅದು ಕಣ್ಣಿಗೆ ಕಾಣಲ್ಲ. ಆ ದಾರಿ ಹಾಳಾದ್ರೆ ಡ್ಯಾಂ ತುಂಬಿದ್ರೂ ಒಂದು ಬಲ್ಬೂ ಉರಿಯಲ್ಲ.

ಮೊದಲು ಜಾಗ ಎಲ್ಲಿದೆ ನೋಡೋಣ. ಕಪ್ಪು ಸಮುದ್ರದ ಪೂರ್ವ ದಂಡೆ ಮೇಲೆ ಜಾರ್ಜಿಯಾ, ಅದರ ಉತ್ತರಕ್ಕೆ ಕಾಕಸಸ್ ಪರ್ವತ. ಅಲ್ಲಿ ಸ್ವಾನೆಟಿ ಅನ್ನೋ ಸೀಮೆಯ ಹಿಮನದಿಗಳಿಂದ ಎಂಗುರಿ ನದಿ ಹುಟ್ಟಿ ಕೆಳಗಿಳಿದು ಕಪ್ಪು ಸಮುದ್ರ ಸೇರತ್ತೆ. ಜ್ವಾರಿ ಅನ್ನೋ ಊರಿನ ಹತ್ರ ಸೋವಿಯತ್ ಕಾಲದಲ್ಲಿ ಈ ನದಿಗೆ ಅಡ್ಡಡ್ಡ ಕಮಾನಿನ ಆಕಾರದ ಕಾಂಕ್ರೀಟ್ ಡ್ಯಾಂ ಕಟ್ಟಿದ್ರು, ಎತ್ತರ 271.5 ಮೀಟರ್, ಅಂದ್ರೆ ಹತ್ತತ್ರ 890 ಅಡಿ. ನಮ್ಮ ಕನ್ನಂಬಾಡಿ ಕಟ್ಟೆ ಪೂರ್ತಿ ತುಂಬಿದಾಗ 124.80 ಅಡಿ, ಅಂಥಾ ಏಳನ್ನ ಒಂದರ ಮೇಲೊಂದು ಇಟ್ರೆ ಇದು. ಮೊದಲ ಟರ್ಬೈನ್ 1978ರಲ್ಲಿ ತಿರುಗ್ತು. ಒಟ್ಟು ಐದು ಟರ್ಬೈನ್, ಒಂದೊಂದೂ 260 ಮೆಗಾವಾಟ್, ಎಲ್ಲಾ ಸೇರಿ 1300. ನಮ್ಮ ಶರಾವತಿ ಪವರ್‌ಹೌಸಲ್ಲಿ ಹತ್ತು ಯೂನಿಟ್ ಸೇರಿ 1035 ಮೆಗಾವಾಟ್, ಅದಕ್ಕೆ ಹೋಲಿಸಿದ್ರೆ ಇದರ ಗಾತ್ರ ಗೊತ್ತಾಗತ್ತೆ. ಜಾರ್ಜಿಯಾ ನಮ್ಮ ಬೆಂಗಳೂರಿಗಿಂತ ಕಡಿಮೆ ಜನ ಇರೋ ದೇಶ, ಅವರ ಕರೆಂಟಿನ ದೊಡ್ಡ ಪಾಲು ಬರೋದು ಇದೊಂದು ಕಡೆಯಿಂದಾನೇ.

ಡ್ಯಾಮಿಂದ ಪವರ್‌ಹೌಸ್‌ಗೆ 15 ಕಿಲೋಮೀಟರ್, ಹೆಚ್ಚುಕಮ್ಮಿ ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ಹೋದಷ್ಟು. ಅಷ್ಟುದ್ದ ಬೆಟ್ಟದೊಳಗೆ 9.5 ಮೀಟರ್ ಅಡ್ಡಳತೆಯ ಸುರಂಗ, ಮೂರಂತಸ್ತಿನ ಮನೆ ಒಳಗೆ ನಿಲ್ಲಬಹುದು, ನಮ್ಮ ಮೆಟ್ರೋ ರೈಲು ಓಡೋ ಸುರಂಗಕ್ಕಿಂತ ಎಷ್ಟೋ ದೊಡ್ಡದು. ಫುಲ್ ಲೋಡಲ್ಲಿ ಅದರೊಳಗೆ ಸೆಕೆಂಡಿಗೆ 450 ಘನ ಮೀಟರ್ ನೀರು ಹೋಗತ್ತೆ. ಬೆಂಗಳೂರಲ್ಲಿ ಬೀದಿಬೀದಿ ಓಡಾಡೋ ಆರು ಸಾವಿರ ಲೀಟರಿನ ವಾಟರ್ ಟ್ಯಾಂಕರ್ ಇದ್ಯಲ್ಲ, ಅಂಥಾ 75 ಟ್ಯಾಂಕರ್ ಒಂದು ಸೆಕೆಂಡಿಗೆ. ನೀರಿನ ವೇಗ ಗಂಟೆಗೆ 23 ಕಿಲೋಮೀಟರ್ ಹತ್ರ ಬರತ್ತೆ, ಸೈಕಲ್ಲಲ್ಲಿ ಜೋರಾಗಿ ತುಳಿದಷ್ಟು.

ಈಗ ಮುಖ್ಯ ಮಾತಿಗೆ ಬರ್ತೀನಿ. ಸುರಂಗ ಅಂದ್ರೆ ಬೆಟ್ಟದೊಳಗೆ ತೂರಿಸಿಟ್ಟ ಕಾಂಕ್ರೀಟ್ ಪೈಪು ಅಂತ ನಾವು ಅಂದ್ಕೊಂಡಿರ್ತೀವಿ. ಹಾಗಲ್ಲ. ನೂರು ಮೀಟರ್ ಆಳದ ನೀರು ಒಂದು ಚದರ ಮೀಟರ್ ಜಾಗದ ಮೇಲೆ ನೂರು ಟನ್ ಒತ್ತತ್ತೆ, ಒಂದು ದೊಡ್ಡ ಲೋಡ್ ಲಾರಿ ತೂಕಕ್ಕಿಂತ ಜಾಸ್ತಿ, ಅದೂ ಸುತ್ತಲೂ ಪ್ರತಿ ಚದರ ಮೀಟರ್ ಮೇಲೂ. ಅರ್ಧ ಮೀಟರ್ ದಪ್ಪದ ಕಾಂಕ್ರೀಟ್ ತಾನೊಂದೇ ಈ ಒತ್ತಡನ ಹಿಡಿದಿಡೋಕೆ ಆಗಲ್ಲ, ಕಾಂಕ್ರೀಟ್ ಅಮುಕಿದ್ರೆ ಗಟ್ಟಿ, ಎಳೆದ್ರೆ ಬಿರುಕು ಬಿಡತ್ತೆ, ಒಳಗಿಂದ ನೀರು ಒತ್ತಿದಾಗ ಉಂಗುರದ ಹಾಗೆ ಎಳೆತಕ್ಕೆ ಸಿಗತ್ತೆ. ಹಾಗಾಗಿ ಭಾರ ಹೊರೋದು ಹಿಂದಿರೋ ಬಂಡೆ. ಸುರಂಗದ ಒಳಮೈಗೆ ಹಾಕಿರೋ ಈ ಕಾಂಕ್ರೀಟ್ ಪದರಕ್ಕೆ ಲೈನಿಂಗ್ ಅಂತಾರೆ, ಅದರ ಕೆಲಸ ಅಂದ್ರೆ ನೀರಿಗೆ ನುಣುಪಾದ ದಾರಿ ಕೊಡೋದು, ಸೋರಿಕೆ ಕಮ್ಮಿ ಮಾಡೋದು, ಮತ್ತೆ ಒಳಗಿನ ಒತ್ತಡನ ಹಿಂದಿನ ಬಂಡೆಗೆ ದಾಟಿಸೋದು. ಸೈಕಲ್ ಟ್ಯೂಬು ಟೈರಿನೊಳಗೆ ಇದ್ರೆ ಎಷ್ಟು ಗಾಳಿ ತಡ್ಕೊಳತ್ತೆ, ಟೈರಿಂದ ಹೊರಗೆ ತೆಗೆದು ಅಷ್ಟೇ ಗಾಳಿ ತುಂಬಿದ್ರೆ ಏನಾಗತ್ತೆ, ಅಷ್ಟೇ ವಿಷಯ. ಬೆಟ್ಟ ಇಲ್ಲಿ ಟೈರು. ಸುರಂಗ ರಿಪೇರಿ ಅಂದ್ರೆ ಕಾಂಕ್ರೀಟಿಗೆ ತೇಪೆ ಹಾಕೋದು ಕಾಲುಭಾಗ ಮಾತ್ರ, ಮುಕ್ಕಾಲು ಭಾಗ ಆ ಟೈರನ್ನ ಗಟ್ಟಿ ಮಾಡೋ ಕೆಲಸ.

ಆ ಟೈರು ಎಂಗುರಿಯಲ್ಲಿ ಎಂಥದ್ದು ಅಂತ ನೋಡಿ. ನಮ್ಮ ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ, ಅದು ಸುಮಾರು 300 ಕೋಟಿ ವರ್ಷ ಹಳೇದು, ಕಾದು ಬೆಂದು ಹದವಾಗಿ ಸುಮ್ಮನೆ ಕೂತಿರೋ ಕಲ್ಲು. ಕಾಕಸಸ್ ಹಾಗಲ್ಲ. ಅರೇಬಿಯಾದ ಭೂಫಲಕ ಉತ್ತರಕ್ಕೆ ಯುರೇಷಿಯಾವನ್ನ ಇವತ್ತಿಗೂ ತಳ್ತಾನೇ ಇದೆ, ನಮ್ಮ ಹಿಮಾಲಯದ ಥರಾನೇ ಆ ಪರ್ವತ ಇನ್ನೂ ಮೇಲೇಳ್ತಾ ಇದೆ. ಎಂಗುರಿ ಡ್ಯಾಂ ಕೂತಿರೋದು ಸುಣ್ಣಕಲ್ಲಿನ ಮೇಲೆ, ಡೈನೋಸಾರ್ ಕಾಲದಲ್ಲಿ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು, ಆಮೇಲೆ ಮಡಚಿ, ಮುರಿದು, ಮೇಲೆದ್ದಿದ್ದು. ಡ್ಯಾಮಿನ ಅಡಿಪಾಯದ ಮೂಲಕಾನೇ ಇಂಗಿರಿಷಿ ಅನ್ನೋ ಫಾಲ್ಟಿನ ಒಂದು ಕವಲು ಹಾದುಹೋಗತ್ತೆ, ಫಾಲ್ಟ್ ಅಂದ್ರೆ ಬೆಟ್ಟ ಒಂದ್ಕಾಲದಲ್ಲಿ ಮುರಿದು ಜರುಗಿದ ಗೆರೆ. ಅದನ್ನ ವಿಜ್ಞಾನಿಗಳು ಮುಚ್ಚಿಡಲಿಲ್ಲ, ಡ್ಯಾಂ ತುಂಬೋಕೆ ಮುಂಚೇನೇ 1970ರ ದಶಕದಲ್ಲಿ ಆ ಗೆರೆಗೆ ಅಡ್ಡವಾಗಿ ಉಪಕರಣ ಕೂರಿಸಿ, ಜಲಾಶಯದ ನೀರು ಏರಿದಾಗ ಇಳಿದಾಗ ಬಂಡೆ ಎಷ್ಟು ಮಿಸುಕತ್ತೆ ಅಂತ ದಶಕಗಟ್ಟಲೆ ಅಳೀತಾನೇ ಬಂದಿದ್ದಾರೆ. ಕೂದಲಿನ ಎಳೆಗಿಂತ ಸಣ್ಣ ಚಲನೆ ಕೂಡ ಅದರಲ್ಲಿ ಸಿಗತ್ತೆ. ಈ ತಾಳ್ಮೆ ನೋಡಿದಾಗ ನಂಗೆ ನಿಜವಾಗ್ಲೂ ಗೌರವ ಬರತ್ತೆ.

ಸುಣ್ಣಕಲ್ಲಿಗೆ ಇನ್ನೊಂದು ಗುಣ ಇದೆ, ನೀರಲ್ಲಿ ಕರಗತ್ತೆ. ಮಳೆನೀರು ಗಾಳಿ ಮತ್ತೆ ಮಣ್ಣಿಂದ ಕಾರ್ಬನ್ ಡೈ ಆಕ್ಸೈಡ್ ಹೀರ್ಕೊಂಡು ತುಸು ಹುಳಿಯಾಗಿ, ಬಿರುಕಿನಲ್ಲಿಳಿದು, ಸಾವಿರಾರು ವರ್ಷ ಕಲ್ಲನ್ನ ತಿಂದು ಒಳಗೆ ಪೊಟರೆ ಮಾಡತ್ತೆ. ಆಂಧ್ರದ ಬೇಲಂ ಗುಹೆಗೆ ಹೋದವರಿಗೆ ಇದು ಹೇಗಿರತ್ತೆ ಅಂತ ಗೊತ್ತು. ಪ್ರವಾಸಿಗೆ ಅದು ಚಂದ, ಸುರಂಗ ತೋಡೋನಿಗೆ ಕಂಟಕ, ಯಾಕಂದ್ರೆ ಕಾಂಕ್ರೀಟ್ ಹಿಂದೆ ಬಂಡೆ ಇದೆ ಅಂತ ನಂಬಿರೋ ಕಡೆ ಖಾಲಿ ಜಾಗ ಇರಬಹುದು, ಇಲ್ಲಾ ಜೇಡಿಮಣ್ಣು ತುಂಬಿದ ಸಂದಿ ಇರಬಹುದು.

ಇಂಥಾ ಕಲ್ಲಲ್ಲಿ ಸುರಂಗ ಹೇಗೆ ಹಾಳಾಗತ್ತೆ ಅನ್ನೋದು ಒಂದು ದಿನದ ಕಥೆ ಅಲ್ಲ. ಎಂಗುರಿ ಜಲಾಶಯದ ನೀರಿನ ಮಟ್ಟ ವರ್ಷದಲ್ಲಿ ಸುಮಾರು 100 ಮೀಟರ್ ತನಕ ಏರಿಳಿಯತ್ತೆ, ಬೇಸಿಗೇಲಿ ಹಿಮ ಕರಗಿ ತುಂಬತ್ತೆ, ಚಳಿಗಾಲ ಮುಗಿಯೋ ಹೊತ್ತಿಗೆ ತಳ ಹತ್ತಿರತ್ತೆ. ಅಂದ್ರೆ ಸುರಂಗದ ಗೋಡೆ ಮೇಲಿನ ಒತ್ತಡ ಪ್ರತಿ ವರ್ಷ ಚದರ ಮೀಟರಿಗೆ ನೂರು ಟನ್‌ನಷ್ಟು ಏರಿ ಇಳಿಯತ್ತೆ. ಒಂದು ತಂತೀನ ಹಿಂದಕ್ಕೂ ಮುಂದಕ್ಕೂ ಬಗ್ಗಿಸ್ತಾ ಇದ್ರೆ ಕೊನೆಗೆ ಮುರಿಯಲ್ವಾ, ಹಾಗೆ ನಲವತ್ತು ವರ್ಷ ಈ ಉಸಿರಾಟ ನಡೆದ್ರೆ ಲೈನಿಂಗಲ್ಲಿ ಉದ್ದುದ್ದ ಬಿರುಕು ಬೀಳತ್ತೆ. ಬಿರುಕಿಂದ ನೀರು ಹಿಂದಕ್ಕೆ ನುಗ್ಗಿ, ಸಂದಿಯಲ್ಲಿದ್ದ ಜೇಡಿ ತೊಳೆದು, ಪೊಟರೆ ದೊಡ್ಡದು ಮಾಡತ್ತೆ, ಆಗ ಆ ಜಾಗದ ಕಾಂಕ್ರೀಟಿಗೆ ಬೆನ್ನಿಗೆ ಆಸರೆ ಇಲ್ಲದ ಹಾಗಾಗಿ ಇನ್ನೂ ಬಿರುಕು ಬಿಡತ್ತೆ, ಬಿರುಕಿಂದ ಸೋರಿಕೆ, ಸೋರಿಕೆಯಿಂದ ಪೊಟರೆ, ಪೊಟರೆಯಿಂದ ಮತ್ತೆ ಬಿರುಕು, ಒಂದಕ್ಕೊಂದು ಕೈಹಿಡಿದು ಬೆಳೆಯತ್ತೆ. ಬೆಟ್ಟದ ಮೈ ಮೇಲೆ ಸುರಂಗದ ಮುಚ್ಚಿಗೆ ತೆಳ್ಳಗಿರೋ ಕಡೆ ಇನ್ನೂ ಒಂದು ಅಪಾಯ. ಒಳಗಿನ ನೀರಿನ ಒತ್ತಡ ಮೇಲಿನ ಬಂಡೆ ತೂಕಕ್ಕಿಂತ ಜಾಸ್ತಿಯಾದ್ರೆ ನೀರು ಬಿರುಕಿನೊಳಗೆ ಹೋಗಿ ಲಾರಿ ಟೈರ್ ಬದಲಾಯಿಸೋವಾಗ ಜಾಕಿ ಕೊಟ್ಟ ಹಾಗೆ ಬಂಡೇನೇ ಎತ್ತಿ ಅಗಲಿಸತ್ತೆ. ಬಂಡೆ ನೀರಿಗಿಂತ ಎರಡೂವರೆ ಪಟ್ಟು ಚಿಲ್ಲರೆ ತೂಕ, ಹಾಗಾಗಿ ಮೇಲೆ ಎಷ್ಟು ಬಂಡೆ ಇದೆ ಅನ್ನೋ ಲೆಕ್ಕ ತಪ್ಪಿದ್ರೆ ಸುರಂಗ ತಪ್ಪಿದ ಹಾಗೇ.

ಸೋರಿದ್ರೆ ಸೋರಲಿ ಬಿಡಿ, ನದಿ ನೀರು ತಾನೇ ಅಂತ ಅನ್ಸಬಹುದು. ಲೆಕ್ಕ ಹಾಕಿ ನೋಡೋಣ. ಎಂಗುರಿಯಲ್ಲಿ ನೀರು ಟರ್ಬೈನಿಗೆ ಬೀಳೋ ಎತ್ತರ 325 ಮೀಟರ್ ಆಸುಪಾಸು ಅಂತ ಇಟ್ಕೊಳಿ. ಸೆಕೆಂಡಿಗೆ ಒಂದು ಘನ ಮೀಟರ್, ಅಂದ್ರೆ ಮನೆ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಒಂದು, ದಾರಿಯಲ್ಲಿ ಸೋರಿದ್ರೆ ಕಳ್ಕೊಳೋದು ಹತ್ತತ್ರ 2.9 ಮೆಗಾವಾಟ್. ವರ್ಷ ಪೂರ್ತಿ ಸೋರಿದ್ರೆ ಎರಡೂವರೆ ಕೋಟಿ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಉರಿಸೋ ಮನೆಗಳು ಅಂದ್ರೆ ಇಪ್ಪತ್ತು ಸಾವಿರ ಮನೆ. ಎಂಗುರಿಯಲ್ಲಿ ನಲವತ್ತು ವರ್ಷದ ಹೊತ್ತಿಗೆ ಸೋರಿಕೆ ಮಾತಾಡ್ತಾ ಇದ್ದಿದ್ದು ಬಕೆಟ್ ಲೆಕ್ಕದಲ್ಲಲ್ಲ, ಈ ಘನ ಮೀಟರ್ ಲೆಕ್ಕದಲ್ಲೇ. ಕರೆಂಟ್ ನಷ್ಟ ಒಂದು ಕಡೆ, ಬೆಟ್ಟದೊಳಗೆ ಅಷ್ಟು ನೀರು ಎಲ್ಲೆಲ್ಲಿ ಹೋಗ್ತಿದೆ, ಯಾವ ಇಳಿಜಾರನ್ನ ನೆನೆಸ್ತಿದೆ ಅನ್ನೋದು ಇನ್ನೂ ದೊಡ್ಡ ತಲೆನೋವು.

ಹಾಗಿದ್ರೆ ಯಾಕೆ ಮುಂಚೇನೇ ರಿಪೇರಿ ಮಾಡ್ಲಿಲ್ಲ? ಇಲ್ಲಿ ಕಲ್ಲಿನ ಕಥೆ ಜೊತೆ ಮನುಷ್ಯರ ಕಥೇನೂ ಬರತ್ತೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೀತು, 1992-93ರಲ್ಲಿ ಜಾರ್ಜಿಯಾದಿಂದ ಬೇರೆಯಾಗ್ತೀವಿ ಅಂತ ಅಬ್ಖಾಜಿಯಾದಲ್ಲಿ ಯುದ್ಧ ಆಯ್ತು. ಯುದ್ಧ ನಿಂತಾಗ ಗಡಿ ಗೆರೆ ಬಿದ್ದಿದ್ದು ಎಲ್ಲಿ ಗೊತ್ತಾ, ಡ್ಯಾಂ ಜಾರ್ಜಿಯಾ ಕಡೆ, ಪವರ್‌ಹೌಸ್ ಅಬ್ಖಾಜಿಯಾ ಕಡೆ. ನೀರು ಒಬ್ಬರ ಕೈಲಿ, ಟರ್ಬೈನ್ ಇನ್ನೊಬ್ಬರ ಕೈಲಿ, ನಡುವೆ ಈ ಸುರಂಗ ಗಡಿ ಕೆಳಗೆ ಹಾದುಹೋಗತ್ತೆ. ಒಬ್ಬರ ಮುಖ ಒಬ್ಬರು ನೋಡದಿರೋ ಹೊತ್ತಲ್ಲೂ ಇದನ್ನ ನಿಲ್ಸೋಕೆ ಎರಡೂ ಕಡೆಯವರಿಗೆ ಆಗ್ಲಿಲ್ಲ, ನಿಲ್ಸಿದ್ರೆ ಇಬ್ಬರೂ ಕತ್ತಲಲ್ಲಿ ಕೂರಬೇಕು. ಕೊನೆಗೆ ಉತ್ಪಾದನೆಯ 60 ಭಾಗ ಜಾರ್ಜಿಯಾಕ್ಕೆ, 40 ಭಾಗ ಅಬ್ಖಾಜಿಯಾಕ್ಕೆ ಅನ್ನೋ ಒಪ್ಪಂದದ ಮೇಲೆ ನಡ್ಕೊಂಡು ಬಂತು. ಆ ಕಷ್ಟದ ವರ್ಷಗಳಲ್ಲಿ ದುಡ್ಡೂ ಇಲ್ಲ, ಬಿಡಿಭಾಗಗಳೂ ಇಲ್ಲ, ಇದ್ದಿದ್ದನ್ನ ಓಡಿಸ್ಕೊಂಡು ಹೋಗಿದ್ದೇ ದೊಡ್ಡದು. ಆಮೇಲೆ ಯುರೋಪಿನ ಪುನರ್‌ನಿರ್ಮಾಣ ಬ್ಯಾಂಕಿನ ಸಾಲ, ಯುರೋಪಿಯನ್ ಯೂನಿಯನ್ನಿನ ನೆರವು ಬಂದು, ಟರ್ಬೈನ್‌ಗಳನ್ನ ಒಂದೊಂದಾಗಿ ಸರಿ ಮಾಡಿದ್ರು. ಟರ್ಬೈನ್‌ಗಾದ್ರೆ ಒಂದನ್ನ ಬಿಚ್ಚಿಟ್ಟು ಉಳಿದ ನಾಲ್ಕನ್ನ ಓಡಿಸಬಹುದು. ಸುರಂಗ ಇರೋದು ಒಂದೇ. ಅದಕ್ಕೆ ಕೈಹಾಕ್ಬೇಕಾದ್ರೆ ಎಲ್ಲಾ ನಿಲ್ಲಿಸ್ಬೇಕು.

ಹಾಗೆ ಪೂರ್ತಿ ನಿಲ್ಲಿಸಿದ್ದು 2021ರ ಜನವರಿಯಲ್ಲಿ, ಸುಮಾರು ಮೂರು ತಿಂಗಳಿಗೆ. ಜನವರೀನೇ ಯಾಕೆ ಅಂದ್ರೆ ಆಗ ಮೇಲೆ ಸ್ವಾನೆಟಿಯಲ್ಲಿ ಎಲ್ಲಾ ಹಿಮಗಟ್ಟಿ ಕೂತಿರತ್ತೆ, ನದಿಯಲ್ಲಿ ನೀರೇ ಕಮ್ಮಿ, ನಿಲ್ಸಿದ್ರೆ ಪೋಲಾಗೋ ನೀರೂ ಕಮ್ಮಿ. ಆದ್ರೆ ಅದೇ ಚಳಿಗಾಲದಲ್ಲೇ ಜನಕ್ಕೆ ಹೀಟರ್ ಉರಿಸೋಕೆ ಕರೆಂಟ್ ಬೇಕಾಗೋದು. ಅಬ್ಖಾಜಿಯಾದಲ್ಲಂತೂ ಅದೇ ಹೊತ್ತಿಗೆ ಬಿಟ್‌ಕಾಯಿನ್ ಥರದ ಕ್ರಿಪ್ಟೋ ತೆಗೆಯೋ ಕಂಪ್ಯೂಟರ್‌ಗಳು ಹಗಲು ರಾತ್ರಿ ಓಡಿ, ಸುರಂಗ ನಿಲ್ಸೋಕೆ ಮುಂಚೇನೇ ಪಾಳಿ ಪ್ರಕಾರ ಕರೆಂಟ್ ಕಟ್ ಶುರುವಾಗಿತ್ತು. ಆ ಮೂರು ತಿಂಗಳು ರಷ್ಯಾದಿಂದ ಬಂದ ಕರೆಂಟಲ್ಲೇ ಅವರು ದಿನ ತಳ್ಳಿದ್ದು, ಜಾರ್ಜಿಯಾ ಕೂಡ ಹೊರಗಿಂದ ತರಿಸ್ಕೊಳ್ತು. ಇನ್ನು ತಡ ಮಾಡೋ ಹಾಗೂ ಇಲ್ಲ, ಏಪ್ರಿಲ್ ಮೇ ಹೊತ್ತಿಗೆ ಹಿಮ ಕರಗಿ ನದಿ ಉಕ್ಕಿ ಬರತ್ತೆ, ಆಗ ಸುರಂಗ ಮುಚ್ಚಿದ್ರೆ ವರ್ಷದ ಅನ್ನ ಕಣ್ಮುಂದೆ ಹರಿದು ಸಮುದ್ರಕ್ಕೆ ಹೋದ ಹಾಗೆ.

ಈಗ ಕೆಲಸ ಹೇಗೆ ನಡೆಯತ್ತೆ ನೋಡೋಣ, ಇದು ಎಂಗುರಿ ಒಂದಕ್ಕೇ ಅಲ್ಲ, ಯಾವುದೇ ಹಳೇ ಒತ್ತಡದ ಸುರಂಗಕ್ಕೂ ಹೆಚ್ಚುಕಮ್ಮಿ ಇದೇ ಕ್ರಮ.

ಮೊದಲು ಖಾಲಿ ಮಾಡೋದು. ಮೇಸ್ತ್ರಿ ಹೇಳಿದ್ದು ನೆನಪಿದ್ಯಲ್ಲ. ಎಂಗುರಿ ಅಳತೆಯ ಸುರಂಗದಲ್ಲಿ ಹತ್ತು ಲಕ್ಷ ಘನ ಮೀಟರಿಗೂ ಜಾಸ್ತಿ ನೀರು ಹಿಡಿಯತ್ತೆ. ಅಷ್ಟು ವರ್ಷ ಒಳಗಿನ ನೀರು ಹೊರಕ್ಕೆ ಸೋರಿ ಸೋರಿ ಸುತ್ತಲಿನ ಬಂಡೆಯ ಬಿರುಕೆಲ್ಲಾ ನೀರು ತುಂಬ್ಕೊಂಡಿರತ್ತೆ. ಒಳಗೆ ನೀರಿದ್ದಾಗ ಎರಡೂ ಕಡೆ ಒತ್ತಡ ಸಮ, ಯಾರೂ ಸೋಲಲ್ಲ. ಒಳಗಿನದ್ದನ್ನ ಗಡಿಬಿಡೀಲಿ ಬಿಟ್ರೆ ಹೊರಗಿನ ಒತ್ತಡ ಹಾಗೇ ಉಳಿದು ಲೈನಿಂಗನ್ನ ಒಳಗೆ ತಳ್ಳಿ ಕೆಡವತ್ತೆ. ಹಾಗಾಗಿ ಗಂಟೆಗೆ ಇಷ್ಟೇ ಮೀಟರ್ ಇಳಿಸಬೇಕು ಅಂತ ಮಿತಿ ಹಾಕ್ಕೊಂಡು, ನಡುನಡುವೆ ನಿಲ್ಲಿಸಿ, ಬಂಡೆಯಲ್ಲಿರೋ ನೀರು ವಾಪಸ್ ಇಳಿಯೋಕೆ ಟೈಮ್ ಕೊಟ್ಟು, ನಿಧಾನವಾಗಿ ಇಳಿಸ್ತಾರೆ. ಎಷ್ಟೋ ಸುರಂಗಗಳು ನೀರು ಓಡುವಾಗ ಬಿದ್ದಿದ್ದಲ್ಲ, ಖಾಲಿ ಮಾಡುವಾಗ ಬಿದ್ದಿದ್ದು.

ಖಾಲಿಯಾದ ಮೇಲೆ ಒಳಗೆ ಹೋಗೋದು. ಗಾಳಿ ಇರಲ್ಲ, ದೊಡ್ಡ ಫ್ಯಾನ್ ಇಟ್ಟು ಗಾಳಿ ತಳ್ಳಬೇಕು, ಗ್ಯಾಸ್ ಇದ್ಯಾ ಅಂತ ಅಳತೆ ಮಾಡ್ಬೇಕು. ನೆಲದಲ್ಲಿ ಕೆಸರು, ತಲೆ ಮೇಲಿಂದ ಹೊರಗಿನ ನೀರು ಈಗ ಒಳಕ್ಕೆ ಸುರೀತಾ ಇರತ್ತೆ. ಆ ಸುರಿಯೋ ಜಾಗಾನೇ ಸುಳಿವು, ಎಲ್ಲಿ ನೀರು ಒಳಗೆ ಬರ್ತಿದ್ಯೋ ಅಲ್ಲೇ ಮುಂಚೆ ಹೊರಗೆ ಹೋಗ್ತಿತ್ತು. ಗೋಡೆ ಪೂರ್ತಿ ಲೇಸರ್‌ನಿಂದ ಸ್ಕ್ಯಾನ್ ಮಾಡಿ ಆಕಾರ ಕೆಟ್ಟಿದ್ಯಾ ನೋಡ್ತಾರೆ, ರೇಡಾರ್‌ನಿಂದ ಕಾಂಕ್ರೀಟ್ ಹಿಂದೆ ಪೊಳ್ಳಿದ್ಯಾ ನೋಡ್ತಾರೆ. ಅಷ್ಟೆಲ್ಲಾ ಇದ್ರೂ ಸುತ್ತಿಗೆ ಹಿಡ್ಕೊಂಡು ತಟ್ಟಿ ನೋಡೋ ಕೆಲಸ ಇವತ್ತಿಗೂ ಬಿಟ್ಟಿಲ್ಲ. ಮನೆ ಟೈಲ್ಸ್ ಹಾಕಿದ ಮೇಲೆ ಮೇಸ್ತ್ರಿ ಒಂದೊಂದೇ ಟೈಲ್ಸಿಗೆ ತಟ್ಟಿ ನೋಡ್ತಾರಲ್ಲ, ಅಡಿಯಲ್ಲಿ ಸಿಮೆಂಟ್ ತುಂಬಿದ್ರೆ ಟಣ್ ಅಂತ ಗಟ್ಟಿ ಶಬ್ದ, ಪೊಳ್ಳಿದ್ರೆ ಡಬ್ ಅಂತ, ಅದೇ ಕಿವಿ ಇಲ್ಲೂ ಬೇಕು.

ಆಮೇಲೆ ಕಾಂಕ್ರೀಟಿನ ಮೂಲಕ ಬಂಡೆಯೊಳಗೆ ಹಲವು ಮೀಟರ್ ರಂಧ್ರ ಕೊರೆದು, ಒತ್ತಡದಲ್ಲಿ ನೀರು ಬಿಟ್ಟು, ಬಂಡೆ ಎಷ್ಟು ಕುಡಿಯತ್ತೆ ಅಂತ ಅಳೀತಾರೆ. ಇದರ ಅಳತೆಗೆ ಲೂಜಿಯಾನ್ ಅಂತ ಹೆಸರು, 1933ರಲ್ಲಿ ಈ ಪರೀಕ್ಷೆ ಕೊಟ್ಟ ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಮೋರಿಸ್ ಲೂಜಿಯಾನ್ ಹೆಸರಲ್ಲಿ. ಹತ್ತು ಬಾರ್ ಒತ್ತಡದಲ್ಲಿ, ಅಂದ್ರೆ ಹೆಚ್ಚುಕಮ್ಮಿ ನೂರು ಮೀಟರ್ ಆಳದ ನೀರಿನಷ್ಟು ಒತ್ತಡದಲ್ಲಿ, ರಂಧ್ರದ ಒಂದು ಮೀಟರ್ ಉದ್ದ, ಒಂದು ನಿಮಿಷಕ್ಕೆ ಒಂದು ಲೀಟರ್ ನೀರು ಕುಡಿದ್ರೆ ಒಂದು ಲೂಜಿಯಾನ್. ಒಂದೆರಡು ಬಂದ್ರೆ ಬಂಡೆ ಚೆನ್ನಾಗಿದೆ, ಐವತ್ತು ನೂರು ಅಂತ ಬಂದ್ರೆ ಒಳಗೆ ಜರಡಿ. ನಮ್ಮೂರ ಕಡೆ ಬೋರ್‌ವೆಲ್ ಕೊರೆಸುವಾಗ ಇಂತಿಷ್ಟು ಅಡಿಗೆ ಗ್ಯಾಪ್ ಸಿಕ್ತು ಅಂದ್ರೆ ಖುಷಿ ಪಡ್ತೀವಿ, ಇಲ್ಲಿ ಅದೇ ಗ್ಯಾಪ್ ಸಿಕ್ಕಿದ್ರೆ ನಿದ್ದೆ ಹೋಗತ್ತೆ.

ಆ ಜರಡಿನ ಮುಚ್ಚೋದೇ ಗ್ರೌಟಿಂಗ್. ತೆಳ್ಳಗೆ ಕಲಸಿದ ಸಿಮೆಂಟ್ ನೀರನ್ನ ಆ ರಂಧ್ರಗಳಿಂದ ಒತ್ತಡದಲ್ಲಿ ಒಳಗೆ ತಳ್ಳೋದು. ಇದರಲ್ಲಿ ಎರಡು ಹಂತ ಇದೆ. ಮೊದಲನೇದು ಕಾಂಕ್ರೀಟಿಗೂ ಬಂಡೆಗೂ ನಡುವಿನ ಪೊಳ್ಳು ತುಂಬೋದು, ಮುಖ್ಯವಾಗಿ ಚಾವಣಿಯಲ್ಲಿ, ಯಾಕಂದ್ರೆ ಕಟ್ಟುವಾಗಲೇ ಹಸಿ ಕಾಂಕ್ರೀಟ್ ಕೆಳಗೆ ಕೂತು ಮೇಲೆ ಗ್ಯಾಪ್ ಉಳಿದಿರತ್ತೆ. ಇದನ್ನ ಕಮ್ಮಿ ಒತ್ತಡದಲ್ಲಿ ಮಾಡ್ತಾರೆ, ಜಾಸ್ತಿ ಒತ್ತಿದ್ರೆ ಲೈನಿಂಗೇ ಒಳಗೆ ಬಂದುಬಿಡತ್ತೆ. ಎರಡನೇದು ಬಂಡೆಯೊಳಗಿನ ಬಿರುಕು ತುಂಬೋದು, ಸುತ್ತ ಉಂಗುರದ ಹಾಗೆ ರಂಧ್ರ ಕೊರೆದು, ಮೊದಲು ಒಂದು ಬಿಟ್ಟು ಒಂದು ರಂಧ್ರಕ್ಕೆ ತುಂಬಿ, ಆಮೇಲೆ ಮಧ್ಯದ್ದಕ್ಕೆ ತುಂಬ್ತಾರೆ. ಮಧ್ಯದ್ದು ಮೊದಲಿನದ್ದಕ್ಕಿಂತ ಕಮ್ಮಿ ಸಿಮೆಂಟ್ ಕುಡಿದ್ರೆ ಕೆಲಸ ಆಗ್ತಿದೆ ಅಂತ, ಅಷ್ಟೇ ಕುಡಿದ್ರೆ ಇನ್ನೂ ಎಲ್ಲೋ ಹೋಗ್ತಿದೆ ಅಂತ. ಸಣ್ಣ ಬಿರುಕಿಗೆ ಮಾಮೂಲಿ ಸಿಮೆಂಟ್ ಹೋಗಲ್ಲ, ಕಾಳು ದಪ್ಪ, ಅದಕ್ಕೆ ಇನ್ನೂ ನುಣ್ಣಗೆ ಅರೆದ ಸಿಮೆಂಟ್ ಬೇಕು. ದೊಡ್ಡ ಪೊಟರೆ ಸಿಕ್ಕಿದ್ರೆ ಸಿಮೆಂಟ್ ನೀರು ಎಷ್ಟು ಸುರಿದ್ರೂ ತುಂಬಲ್ಲ, ಅಲ್ಲಿಗೆ ಮರಳು ಸೇರಿಸಿದ ಗಾರೆಯೋ ಕಾಂಕ್ರೀಟೋ ತುಂಬಬೇಕು. ಗ್ರೌಟಿಂಗ್ ಚೆನ್ನಾಗಿ ಆದ್ರೆ ಇನ್ನೊಂದು ಲಾಭ ಇದೆ, ಸಿಮೆಂಟ್ ಗಟ್ಟಿಯಾದಾಗ ಲೈನಿಂಗು ಹೊರಗಡೆಯಿಂದ ಬಿಗಿಯಾಗಿ ಅಮುಕಿಸಿಕೊಂಡಿರತ್ತೆ, ಎತ್ತಿನಗಾಡಿ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ಹಾಕಿ ತಣ್ಣಗಾದ ಮೇಲೆ ಬಿಗಿಯತ್ತಲ್ಲ ಹಾಗೆ. ಮುಂದೆ ಒಳಗಿಂದ ನೀರು ಎಷ್ಟು ಒತ್ತಿದ್ರೂ ಮೊದಲು ಆ ಬಿಗಿ ಕಳೀಬೇಕು, ಆಮೇಲೆ ತಾನೇ ಬಿರುಕು.

ಕಾಂಕ್ರೀಟ್ ಪೂರ್ತಿ ಹಾಳಾಗಿರೋ ಕಡೆ ಕಿತ್ತು, ಬಂಡೆಗೆ ಉದ್ದನೆ ಉಕ್ಕಿನ ಬೋಲ್ಟ್ ಹೊಡೆದು, ಜಾಲರಿ ಹಾಕಿ, ಶಾಟ್‌ಕ್ರೀಟ್, ಅಂದ್ರೆ ಪೈಪಿಂದ ಜೋರಾಗಿ ಚಿಮ್ಮಿಸೋ ಕಾಂಕ್ರೀಟ್, ಎರಚಿ, ಮತ್ತೆ ಹೊಸ ಲೈನಿಂಗ್ ಹಾಕ್ತಾರೆ. ಕಿತ್ತ ಕೂಡ್ಲೇ ಹಿಂದಿನ ಪುಡಿ ಬಂಡೆ ಜಾರೋಕೆ ಶುರುವಾಗತ್ತೆ, ಅದಕ್ಕೆ ಒಂದೆರಡು ಮೀಟರ್ ಕಿತ್ತು ಅಷ್ಟನ್ನ ಭದ್ರ ಮಾಡಿ ಆಮೇಲೇ ಮುಂದಕ್ಕೆ ಹೋಗಬೇಕು. ಫಾಲ್ಟ್ ಹಾದುಹೋಗೋ ಕಡೆ, ಎಷ್ಟು ಗ್ರೌಟ್ ಮಾಡಿದ್ರೂ ಬಂಡೆ ನಂಬೋ ಹಾಗಿಲ್ಲ ಅನ್ನಿಸಿದ್ರೆ, ಒಳಗಡೆ ಉಕ್ಕಿನ ತಗಡಿನ ಕೊಳವೆ ಹಾಕೋದೊಂದೇ ದಾರಿ, ಅದಕ್ಕೆ ದುಡ್ಡೂ ಜಾಸ್ತಿ, ವೆಲ್ಡಿಂಗಿಗೆ ಟೈಮೂ ಜಾಸ್ತಿ. ಮೂರು ತಿಂಗಳಲ್ಲಿ ಹದಿನೈದು ಕಿಲೋಮೀಟರಿಗೂ ಇದೆಲ್ಲಾ ಮಾಡೋದು ಯಾರ ಕೈಲೂ ಆಗಲ್ಲ, ಎಲ್ಲಿ ಕೆಟ್ಟಿದೆ ಅಂತ ಮೊದಲೇ ಗುರುತು ಹಾಕಿ ಅಲ್ಲಿಗೆ ಮಾತ್ರ ಕೈಹಾಕಬೇಕು. ಡಾಕ್ಟರ್ ಎಲ್ಲಿ ಕೊಯ್ಯಬೇಕು ಅಂತ ಗೊತ್ತಿಲ್ಲದೇ ಹೊಟ್ಟೆ ತೆರೆಯಲ್ವಲ್ಲ. ಕಾಂಕ್ರೀಟಿಗೂ ಅದರದೇ ಹಟ ಇದೆ, ಮನೆ ಮೋಲ್ಡ್ ಹಾಕಿದವರಿಗೆಲ್ಲಾ ಗೊತ್ತು, ನಾವು ಎಷ್ಟು ಅವಸರ ಪಟ್ರೂ ಅದು ಗಟ್ಟಿಯಾಗೋಕೆ ತನ್ನ ಟೈಮ್ ತಗೊಂಡೇ ತಗೊಳತ್ತೆ.

ಕೆಟ್ಟ ಬಂಡೆನ ಹಗುರವಾಗಿ ತಗೊಂಡ್ರೆ ಏನಾಗತ್ತೆ ಅನ್ನೋದಕ್ಕೆ ಸ್ಕಾಟ್ಲೆಂಡಿನ ಗ್ಲೆಂಡೋ ಉದಾಹರಣೆ ಇದೆ. ಅದು ಹಳೇದಲ್ಲ, ಹೊಚ್ಚ ಹೊಸದು. ಲಾಕ್ ನೆಸ್ ಸರೋವರದ ಹತ್ರ 100 ಮೆಗಾವಾಟಿನ ಯೋಜನೆ, ಯಂತ್ರದಿಂದ ಕೊರೆದ 5 ಮೀಟರ್ ಅಗಲದ ಸುರಂಗ, ಹೆಚ್ಚಿನ ಭಾಗಕ್ಕೆ ಲೈನಿಂಗೇ ಇಲ್ಲ, ಬಂಡೆ ಗಟ್ಟಿ ಅಂತ. 2009ರ ಜೂನಲ್ಲಿ ಬ್ರಿಟನ್ ರಾಣಿ ಬಂದು ಉದ್ಘಾಟನೆ ಮಾಡಿದ್ರು, ಆಗಸ್ಟ್ ಹೊತ್ತಿಗೆ ಸುರಂಗದೊಳಗೆ ಬಂಡೆ ಕುಸಿದು ಎಲ್ಲಾ ನಿಂತುಹೋಯ್ತು. ಒಂದು ಫಾಲ್ಟ್ ವಲಯದಲ್ಲಿ ನೀರಿಗೆ ಕೊಚ್ಚಿಹೋಗೋ ಥರದ ದುರ್ಬಲ ಬಂಡೆಗೆ ಸಾಕಷ್ಟು ಆಸರೆ ಇರಲಿಲ್ಲ. ಕುಸಿದಿದ್ದು ಎಂಟು ಕಿಲೋಮೀಟರ್ ಸುರಂಗದಲ್ಲಿ ನೂರು ಮೀಟರೂ ಇಲ್ಲ. ಆ ರಾಶಿನ ತೆಗೆಯೋಕೆ ಹೋಗಲಿಲ್ಲ, ಪಕ್ಕದಲ್ಲಿ ಗಟ್ಟಿ ಬಂಡೆಯಲ್ಲಿ 600 ಮೀಟರ್ ಚಿಲ್ಲರೆ ಬಳಸುದಾರಿ ಸುರಂಗ ತೋಡಿ ಜೋಡಿಸಿದ್ರು, ಮತ್ತೆ ಕರೆಂಟ್ ಬಂದಿದ್ದು 2012ರಲ್ಲಿ. ಮೂರು ವರ್ಷ, ಕೋಟ್ಯಂತರ ಪೌಂಡು, ವರ್ಷಗಟ್ಟಲೆ ಕೋರ್ಟು. ಸುರಂಗದ ಬಲ ಅಳೆಯೋದು ಅದರ ಅತ್ಯಂತ ಕೆಟ್ಟ ಹತ್ತು ಮೀಟರಿಂದ ಅಂತ ನಾನು ಅನ್ನೋದು ಇದನ್ನೆಲ್ಲಾ ನೋಡಿದ ಮೇಲೆ.

ನಮ್ಮ ದೇಶದಲ್ಲೂ ಇದು ಹೊಸತಲ್ಲ. ಉತ್ತರಾಖಂಡದಲ್ಲಿ ಯಮುನಾ ಯೋಜನೆಯ ಛಿಬ್ರೋ ಖೋದ್ರಿ ಸುರಂಗ ತೋಡುವಾಗ ಕ್ರೋಲ್ ಅನ್ನೋ ಫಾಲ್ಟಿನ ಹತ್ರ ಬಂಡೆ ಹಿಟ್ಟಿನ ಥರ ಒಳಗೆ ಹಿಂಡ್ಕೊಂಡು ಬಂದು ಉಕ್ಕಿನ ಕಮಾನುಗಳನ್ನೇ ಬಗ್ಗಿಸಿತ್ತು. 2023ರ ನವೆಂಬರಲ್ಲಿ ಸಿಲ್ಕ್ಯಾರಾದಲ್ಲಿ 41 ಜನ ಕಾರ್ಮಿಕರು 17 ದಿನ ಸಿಕ್ಕಾಕೊಂಡಿದ್ದು ರಸ್ತೆ ಸುರಂಗ, ಆದ್ರೆ ಬೆಟ್ಟ ಅದೇ ಜಾತಿಯದ್ದು. ಆ 17 ದಿನ ನಾವೆಲ್ಲಾ ಟಿವಿ ಮುಂದೆ ಕೂತು ನೋಡಿದ್ದೀವಿ, ಕೆಟ್ಟ ಬಂಡೆಯೊಳಗೆ ಕೆಲಸ ಮಾಡೋರ ಜೀವ ಹೇಗಿರತ್ತೆ ಅಂತ ಅದಕ್ಕಿಂತ ಜಾಸ್ತಿ ಹೇಳ್ಬೇಕಾಗಿಲ್ಲ.

ರಿಪೇರಿ ಮುಗಿದ ಮೇಲೆ ಕೊನೇ ಕೆಲಸ ಮತ್ತೆ ನೀರು ತುಂಬೋದು, ಇದೂ ಖಾಲಿ ಮಾಡಿದಷ್ಟೇ ನಾಜೂಕು. ಒಂದಷ್ಟು ಮೀಟರ್ ತುಂಬಿ ನಿಲ್ಲಿಸ್ತಾರೆ, ಗಾಳಿ ಸಿಕ್ಕಾಕೊಳ್ಳದೇ ಹೊರಗೆ ಹೋಗ್ತಿದ್ಯಾ ನೋಡ್ತಾರೆ, ಬೆಟ್ಟದ ಮೈ ಮೇಲಿನ ತೊರೆಗಳಲ್ಲಿ, ಅಡ್ಡ ಸುರಂಗಗಳ ಬಾಯಲ್ಲಿ ನೀರು ಜಾಸ್ತಿಯಾಯ್ತಾ ಅಂತ ಅಳೀತಾರೆ, ಬಂಡೆಯಲ್ಲಿ ಕೂರಿಸಿರೋ ಮೀಟರ್‌ಗಳಲ್ಲಿ ಒತ್ತಡ ಓದ್ತಾರೆ, ಸರಿ ಇದೆ ಅಂದ್ರೆ ಮತ್ತಷ್ಟು. ಎಂಗುರಿಯಲ್ಲಿ ಆ ವರ್ಷ ವಸಂತದಲ್ಲಿ ಹೀಗೆ ನೀರು ವಾಪಸ್ ಬಂತು, ಟರ್ಬೈನ್‌ಗಳು ಮತ್ತೆ ತಿರುಗಿದ್ವು, ಕರೆಂಟು ಮತ್ತೆ ಗಡಿ ಗೆರೆಯ ಎರಡೂ ಕಡೆಗೆ ಹೋಯ್ತು. ಅಬ್ಖಾಜಿಯಾಕ್ಕೆ ಒಪ್ಪಂದದ 40 ಭಾಗ ಈಗ ಸಾಲ್ತಿಲ್ಲ, ಚಳಿಗಾಲದಲ್ಲಿ ಬಂದಿದ್ದೆಲ್ಲಾ ಅವರಿಗೇ ಬೇಕಾಗತ್ತೆ, ಜಲಾಶಯ ತಳ ಹತ್ತಿದಾಗ ಮತ್ತೆ ಪಾಳಿ, ಮತ್ತೆ ಕತ್ತಲೆ. ಸುರಂಗ ಸರಿ ಮಾಡಿದ್ರೆ ದಾರಿಯಲ್ಲಿ ಸೋರೋ ನೀರು ಉಳಿಯತ್ತೆ, ನದಿಯಲ್ಲೇ ಇಲ್ಲದ ನೀರು ಬರಲ್ಲ.

ಪ್ರತಿ ಬೇಸಿಗೇಲಿ ಹಿಮ ಕರಗಿ ಜಲಾಶಯ ನೂರು ಮೀಟರ್ ಏರುವಾಗ ಆ ಹೊಸ ಗ್ರೌಟು, ಹಳೇ ಕಾಂಕ್ರೀಟು, ಹಿಂದಿನ ಸುಣ್ಣಕಲ್ಲು ಮೂರೂ ಒಟ್ಟಿಗೆ ಚೂರು ಹೊರಕ್ಕೆ ಸರಿಯತ್ತೆ, ಚಳಿಗಾಲಕ್ಕೆ ಚೂರು ಒಳಕ್ಕೆ. ಡ್ಯಾಮಿನ ಅಡಿಯಲ್ಲಿ ಫಾಲ್ಟಿಗೆ ಅಡ್ಡ ಕೂತಿರೋ ಉಪಕರಣ ಅದನ್ನ ಬರ್ಕೊಳತ್ತೆ.